ಹಳೇಕೋಟೆ ಮೀನುತೊಟ್ಟಿಯ ಮೂಗು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ತಾಲ್ಲೂಕು ಸೇರಿಸಿ ನೀರಿನ ಉಸಿರು ಎಣಿಸುವ ಗಂಡು ಒಬ್ಬನೇ. ಹೆಸರು ಗೌರೀಶ. ಡಾಕ್ಟರಿಗೆ ನಾಡಿ ನೋಡಲು ಕೈ ಬೇಕು. ನನಗೆ ಒಂದು ತೊಟ್ಟಿ ಸಾಕು. ನಾನು ಬೈಕಿನಿಂದ ಇಳಿಯುವುದು ನಿಮಗೆ ಸಾಮಾನ್ಯವಾಗಿ ಕಾಣಬಹುದು. ಕೆಟ್ಟ ಯಂತ್ರದ ಕಣ್ಣಿಗೆ ಅದು ಸ್ಲೋ ಮೋಷನ್ನು, ಹಿಂದೆ ತಮಟೆ ಸಮೇತ. ಅರಕಲಗೂಡಿನಲ್ಲಂತೂ ಒಂದು ಯಂತ್ರ ನನ್ನ ಹೆಲ್ಮೆಟ್ಟು ನೋಡಿಯೇ ಸರಿಹೋಯಿತು. ಬೈಕು ಗೋಡೆಗೆ ತಾಗಿ ಸಡಿಲವಾಗಿದ್ದ ಪ್ಲಗ್ಗು ತಾನೇ ಕೂತುಕೊಂಡಿತು ಅಂತ ಹೊಟ್ಟೆಕಿಚ್ಚಿನವರು ಹೇಳುತ್ತಾರೆ. ಹೇಳಲಿ.

ನನ್ನ ಕೆಲಸ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಮೀನು ನೀರು ಕುಡಿದು ಬದುಕುವುದಿಲ್ಲ. ನೀರಿನಲ್ಲಿ ಕರಗಿರುವ ಗಾಳಿಯನ್ನು ಎಳೆದುಕೊಂಡು ಬದುಕುತ್ತದೆ. ಆ ಗಾಳಿ ಎಷ್ಟಿದೆ ಎಂದು ಹೇಳಲು ಒಂದು ಯಂತ್ರವಿದೆ. ಅದಕ್ಕೆ ಎರಡು ಭಾಗ. ಒಂದು, ನೀರಿನಲ್ಲಿ ಇಳಿಬಿಡುವ ಹೆಬ್ಬೆರಳು ಗಾತ್ರದ ಕೋಲು, ಅದೇ ಸೆನ್ಸರ್. ಅದರ ತುದಿಯಲ್ಲಿ ಈರುಳ್ಳಿ ಪೊರೆಗಿಂತ ತೆಳುವಾದ ಒಂದು ಪೊರೆ. ಗಾಳಿ ಆ ಪೊರೆ ದಾಟಿ ಒಳಗೆ ಹೋದಷ್ಟೂ ಚೂರುಚೂರು ಕರೆಂಟು ಹುಟ್ಟುತ್ತದೆ. ಇನ್ನೊಂದು, ಗೋಡೆಗೆ ಬಡಿದ ಡಬ್ಬ, ಅದೇ ಅನಲೈಸರ್. ಆ ಕರೆಂಟನ್ನು ನಂಬರು ಮಾಡಿ ತೋರಿಸುತ್ತದೆ. ನಂಬರು ನಾಲ್ಕಕ್ಕಿಂತ ಕೆಳಗಿಳಿದರೆ ಡಬ್ಬವೇ ಬ್ಲೋವರ್ ಹಾಕಿ ತೊಟ್ಟಿಗೆ ಗಾಳಿ ಊದಿಸುತ್ತದೆ, ಆರು ದಾಟಿದರೆ ನಿಲ್ಲಿಸುತ್ತದೆ. ರೈತರಿಗೆ ಸೆನ್ಸರ್ ಅನಲೈಸರ್ ಅಂತ ಪಾಠ ಮಾಡುತ್ತಾ ಕೂತರೆ ಕಾಫಿ ಆರಿಹೋಗುತ್ತದೆ. ಅದಕ್ಕೇ ನಾನು ಒಂದಕ್ಕೆ ಮೂಗು, ಇನ್ನೊಂದಕ್ಕೆ ಡಬ್ಬ ಎಂದು ಹೆಸರಿಟ್ಟಿದ್ದೇನೆ.

ಹಳೇಕೋಟೆಯ ಭಾಗ್ಯಲಕ್ಷ್ಮಿ ಅಕ್ಕನ ಮನೆ ಹಿಂದೆ ಟಾರ್ಪಾಲಿನ ದೊಡ್ಡ ದುಂಡು ತೊಟ್ಟಿ ಇದೆ. ಅದರೊಳಗೆ ಎರಡು ಸಾವಿರ ಮೀನು. ಏಳು ತಿಂಗಳು ಸಾಕಿದ್ದು, ಇನ್ನೆಂಟು ದಿನಕ್ಕೆ ಹಿಡಿಯುವುದು ಎಂದು ನಿಗದಿಯಾಗಿತ್ತು. ಅಕ್ಕನ ಗಂಡ ಕಾಂತರಾಜು ಮೊದಲಿನಿಂದಲೂ ಇದಕ್ಕೆ ಒಲ್ಲೆ ಅಂದವನು. "ಮೊದಲ್ನೇ ಸಲ ಕೈ ಕೊಡ್ತೋ, ಟಾರ್ಪಾಲು ಮಡಿಚಿ ಆ ಜಾಗಕ್ಕೆ ಶುಂಠಿ ಆಕ್ತೀನಿ" ಎಂದು ಊರ ಮುಂದೆ ಶಪಥ ಮಾಡಿದ್ದ. ಹಾಗಾಗಿ ಆ ತೊಟ್ಟಿಯಲ್ಲಿ ಈಜುತ್ತಿದ್ದದ್ದು ಬರೀ ಮೀನಲ್ಲ, ಅಕ್ಕನ ಮಾತು.

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ಎಂಟ್ರಿ. ಡಬ್ಬ ಕೀಂ ಕೀಂ ಎಂದು ಅರಚುತ್ತಿತ್ತು. ಅಕ್ಕ ಸೆರಗು ಸಿಕ್ಕಿಸಿ ನಿಂತಿದ್ದಳು. ಅಕ್ಕನ ಅತ್ತೆ ಅಣ್ಣಮ್ಮಜ್ಜಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ತೊಟ್ಟಿ ಪಕ್ಕದಲ್ಲೇ ಸುಲಿಯುತ್ತಿದ್ದಳು.

"ಬಾಪ್ಪ ಗೌರೀಶ. ಈ ನಿನ್ ಡಬ್ಬ ಮೂರ್ ದಿನದಿಂದ ಬಾಯ್ ಬಡ್ಕತಾ ಅದೆ. ಮೀನು ಚೆಂದಾಗವೆ, ತಿಂತವೆ, ಕುಣೀತವೆ. ಇದು ಮಾತ್ರ ಸಾಯ್ತವೆ ಸಾಯ್ತವೆ ಅಂತದೆ. ಬ್ಲೋವರು ಒಂದ್ ಗಳಿಗೆ ನಿಂತಿಲ್ಲ, ಮೋಟ್ರು ಮುಟ್ಟುದ್ರೆ ಕೈ ಸುಡ್ತದೆ."

ನಾನು ಕನ್ನಡಕ ತೆಗೆದೆ. ನಿಧಾನಕ್ಕೆ. "ಅಕ್ಕ, ಡಬ್ಬ ಅತ್ರೆ ಕಣ್ಣೊರ್ಸಕೆ ಈ ಗೌರೀಶ ಅವ್ನೆ. ಆದ್ರೆ ಗೌರೀಶನೇ ಅಳುಸ್ಬೇಕು ಅಂತ ನಿಂತ್ರೆ..."

"ಯಾರ್ ಒರುಸ್ತಾರೆ?" ಅಜ್ಜಿ ಅವರೆಕಾಯಿಯಿಂದ ಕಣ್ಣೆತ್ತದೆ ಕೇಳಿದಳು.

"ಅಜ್ಜಿ, ಡೈಲಾಗ್ ಮಧ್ಯ ಬರಬ್ಯಾಡ."

"ಮುಗೀತು ಅನ್ಕಂಡೆ ಕಣ್ಲಾ. ನಿಂದು ಮುಗಿಯದೂ ಗೊತ್ತಾಗಕಿಲ್ಲ, ಸುರುವಾಗದೂ ಗೊತ್ತಾಗಕಿಲ್ಲ."

ಡಬ್ಬದ ನಂಬರು ಎರಡೂ ಮುಕ್ಕಾಲು. ಅಷ್ಟು ಕಡಿಮೆ ಗಾಳಿಯಿದ್ದರೆ ಮೀನು ಮೇಲೆ ಬಂದು ಬಾಯಿ ಬಿಡುತ್ತಿರಬೇಕಿತ್ತು. ಅವು ನೋಡಿದರೆ ತಳದಲ್ಲಿ ಮದುವೆ ಮನೆ ಮಕ್ಕಳ ಹಾಗೆ ಓಡಾಡುತ್ತಿದ್ದವು. ಅಂದರೆ ಸುಳ್ಳು ಹೇಳುತ್ತಿರುವುದು ಯಂತ್ರ. ನಾನು ಶರ್ಟಿನ ತೋಳು ಮಡಿಸಿದೆ. ಹತ್ತೇ ನಿಮಿಷ. ಅರಚಾಟ ನಿಂತಿತು, ನಂಬರು ಆರೂ ಮುಕ್ಕಾಲಿಗೆ ಏರಿತು, ಬ್ಲೋವರ್ ಮೂರು ದಿನದ ನಂತರ ಸುಸ್ತಾಗಿ ನಿಂತಿತು.

"ಏನಾಗಿತ್ತಪ್ಪ?" ಅಂದಳು ಅಕ್ಕ.

"ಅದುಕ್ಕೆ ನನ್ ಮುಖ ಮರ್ತೋಗಿತ್ತು ಅಕ್ಕ. ತೋರುಸ್ದೆ."

ಕಾಫಿ ಬೇಡವೆಂದು ಹೊರಟೆ. ಹೀರೋ ಕಾಫಿ ಕುಡಿಯುತ್ತಾ ಕೂತರೆ ಕತೆ ಮುಂದೆ ಹೋಗುವುದಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ, ಬಾಯಲ್ಲಿ ಬ್ರಷ್ಷು ಇರುವಾಗ ಫೋನು ಬಂತು.

"ಗೌರೀಶ, ಎಲ್ಲ ಮೇಲ್ ಬಂದ್ಬುಟ್ಟವೆ ಕಣಪ್ಪ!" ಅಕ್ಕ ಕೂಗಿದಳು. "ಬಾಯ್ ಬುಟ್ಕಂಡು ಪಕ ಪಕ ಅಂತವೆ. ಸುಮಾರು ಮಗುಚ್ಕಂಡೂ ಬುಟ್ಟವೆ. ಡಬ್ಬ ನೋಡುದ್ರೆ ನಾಕೂ ಮುಕ್ಕಾಲು ಅಂತ ತೆಪ್ಪಗೆ ಕುಂತದೆ. ಬ್ಲೋವರೇ ಸುರುವಾಗಿಲ್ಲ!"

ಪೇಸ್ಟು ನುಂಗಿದೆ. "ಅಕ್ಕ, ಡಬ್ಬದ ಕೆಳಗೆ ಕೆಂಪು ಸ್ವಿಚ್ ಅದಲ್ಲ, ತಿರುಗ್ಸಿ. ಬ್ಲೋವರ್ ನೇರ ಓಡ್ತದೆ."

"ಅದುಕ್ಕೆ ನೀನೇ ಟೇಪು ಸುತ್ತಿದ್ಯಲ್ಲ? ಮುಟ್ಟುದ್ರೆ ಮೆಷಿನ್ನು ಮುನಿಸ್ಕತದೆ ಅಂದಿದ್ದೆ!"

"ತಮಾಷೆಗೆ ಅಂದಿದ್ದೆ ಅಕ್ಕ, ಕಿತ್ತಾಕಿ!"

ಪರಪರ ಎಂದು ಟೇಪು ಹರಿಯುವ ಸದ್ದು ಕೇಳಿತು. ಆಮೇಲೆ ಬ್ಲೋವರ್ ಗುಂಯ್ ಎಂದಿತು. "ಬತ್ತಾ ಇವ್ನಿ" ಎಂದು ಬೈಕು ಹತ್ತಿದೆ.

ದಾರಿಯಲ್ಲಿ ನಮ್ಮ ಮಾಲೀಕರು ಶಶಿಕುಮಾರ್ ಫೋನು ಮಾಡಿದರು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಅವರ ಅಂಗಡಿ, ನಾನು ಅವರ ಹತ್ತಿರ ಕೆಲಸಕ್ಕಿರುವುದು. ಸಿನಿಮಾ ನೋಡದ ಮನುಷ್ಯ, ಅದಕ್ಕೇ ಮುಖದಲ್ಲಿ ಇಂಟರ್ವಲ್ಲೇ ಇಲ್ಲ.

"ಲೇ ಗೌರೀಶ, ಹಳೇಕೋಟೆದು ಬುಧವಾರ ತಾನೇ ನೋಡ್ಕಂಡ್ ಬಂದೆ? ಮತ್ತೆ ಯಾಕಂತೆ?"

"ಸಾ, ವಿಲನ್ನು ಸೆಕೆಂಡ್ ಹಾಫಲ್ಲಿ ಮತ್ತೆ ಎದ್ದವ್ನೆ."

"ಡೈಲಾಗ್ ಬಿಟ್ಟು ಉತ್ರ ಯೋಳು. ಅವತ್ತು ಏನ್ಮಾಡ್ದೆ? ಮೂಗು ಎತ್ತಿ ತುದಿ ಒರೆಸಿದ್ದಾ?"

"ಹಲೋ? ಸಾ? ಹಲೋ? ಸಿಗ್ನಲ್ ಕಟ್ಟಾಯ್ತಾ ಅದೆ ಸಾ."

ಹೊಳೆನರಸೀಪುರದ ಸೇತುವೆ ಮೇಲೆ ನಾಲ್ಕು ಕಡ್ಡಿ ಸಿಗ್ನಲ್ಲಿತ್ತು. ಅದು ಬೇರೆ ವಿಷಯ.

ನಾನು ಹೋದಾಗ ಅಕ್ಕ ಮೆಟ್ಟಿಲ ಮೇಲೆ ನಿಂತು ಬಿಂದಿಗೆಯಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಿದ್ದಳು. ಕೆಳಗೆ ಅಣ್ಣಮ್ಮಜ್ಜಿ ಪಾತ್ರೆಯಲ್ಲಿ ಅದೇ ಕೆಲಸ. ಸುರಿದ ನೀರು ತನ್ನ ಜೊತೆ ಗಾಳಿಯನ್ನೂ ಒಳಗೆ ಒಯ್ಯುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬ್ಲೋವರ್ ಒಂದೇ ಸಾಲದೆಂದು ಅವರಿಗೇ ಅನ್ನಿಸಿತ್ತು. ಇಬ್ಬರ ಸೀರೆಯೂ ತೊಯ್ದು ತೊಪ್ಪೆ. ಕಾಂತರಾಜು ಬುಟ್ಟಿಯಲ್ಲಿ ಸತ್ತ ಮೀನು ಹಾಕುತ್ತಿದ್ದ. ಮೂವತ್ತೊಂದು. ನನ್ನನ್ನು ನೋಡಿ ಬುಟ್ಟಿಯನ್ನು ನನ್ನ ಕಾಲ ಬಳಿ ತಂದಿಟ್ಟ. ಅವನು ಬೈದಿದ್ದರೆ ನನ್ನ ಹತ್ತಿರ ಮೂರು ಡೈಲಾಗು ರೆಡಿ ಇದ್ದವು.

ಈಗ ನೋಡಿ, ನಿಜವಾದ ಫೈಟು ಇಲ್ಲಿದೆ.

ಡಬ್ಬ ಏಳೂವರೆ ಎನ್ನುತ್ತಿತ್ತು. ಬ್ಲೋವರ್ ಒಂದು ಗಂಟೆ ಓಡಿದೆ, ಇರಬಹುದು ಅಂತ ನಂಬಿ ಕೂರುವವನು ನಾನಲ್ಲ. ಬ್ಯಾಗಿನಲ್ಲಿ ಒಂದು ಪರೀಕ್ಷೆ ಕಿಟ್ಟು ಇರುತ್ತದೆ. ಪುಟ್ಟ ಬಾಟಲಿಯಲ್ಲಿ ತೊಟ್ಟಿ ನೀರು ಹಿಡಿದು, ಔಷಧಿ ಹನಿ ಬಿಟ್ಟು, ಬಣ್ಣ ಹೋಗುವವರೆಗೆ ಎಷ್ಟು ಹನಿ ಬೇಕಾಯಿತೆಂದು ನೋಡಿದರೆ ಗಾಳಿ ಎಷ್ಟಿದೆ ಎಂದು ಗೊತ್ತಾಗುತ್ತದೆ. ಕರೆಂಟು ಬೇಡ, ತಂತಿ ಬೇಡ. ಹನಿ ಸುಳ್ಳು ಹೇಳುವುದಿಲ್ಲ. ಬಂದದ್ದು ಮೂರು.

"ಮೂರು! ಡಬ್ಬ ಏಳೂವರೆ ಅಂತದೆ!" ಅಕ್ಕ ಬಿಂದಿಗೆ ಕೆಳಗಿಟ್ಟಳು.

"ಅಕ್ಕ, ನೀರು ಸುರಿಯದು ನಿಲ್ಲುಸ್ಬ್ಯಾಡಿ. ಸುಳ್ಳು ಯೋಳ್ತಿರದು ಡಬ್ಬವೋ ಮೂಗೋ, ಈಗ್ಲೇ ಬಾಯ್ ಬುಡುಸ್ತೀನಿ."

ಮೊದಲು ಡಬ್ಬದ ವಿಚಾರಣೆ. ಮೂಗಿನ ತಂತಿಯನ್ನು ಡಬ್ಬದಿಂದ ಕಿತ್ತೆ. ಮೂಗೇ ಇಲ್ಲದಿದ್ದರೆ ಡಬ್ಬ ಸೊನ್ನೆ ತೋರಿಸಬೇಕು. ತೋರಿಸಿತು. ಡಬ್ಬ ತನ್ನಷ್ಟಕ್ಕೆ ತಾನು ಏನನ್ನೂ ಕಲ್ಪಿಸಿಕೊಳ್ಳುತ್ತಿಲ್ಲ.

ಆಮೇಲೆ ತಂತಿ ಮತ್ತೆ ಸಿಕ್ಕಿಸಿದೆ, ಮೂಗಿನ ಸರದಿ. ನೀರಿನ ಗಾಳಿಯನ್ನೆಲ್ಲ ನುಂಗಿಹಾಕುವ ಒಂದು ಬಿಳಿ ಪುಡಿ ಇದೆ. ಅದನ್ನು ಒಂದು ಲೋಟ ನೀರಿಗೆ ಕದಡಿ, ಮೂಗು ಅದ್ದಿದೆ. ನಂಬರು ಸರಸರ ಇಳಿದು ಸೊನ್ನೆ ಹತ್ತಿರ ನಿಂತಿತು. ಪೊರೆ ಹರಿದಿದ್ದರೆ ಹೀಗೆ ಇಳಿಯುತ್ತಿರಲಿಲ್ಲ. ಅಂದರೆ ಪೊರೆಯೂ ಗಟ್ಟಿ.

ಕೊನೆಗೆ ಮೂಗನ್ನು ಒರೆಸಿ ಬರೀ ಗಾಳಿಯಲ್ಲಿ ಹಿಡಿದೆ. ನಮ್ಮ ಸೀಮೆ ಎತ್ತರದಲ್ಲಿ, ಆ ಹೊತ್ತಿನ ಬಿಸಿಲಿನಲ್ಲಿ, ಅದು ಏಳೂವರೆ ಆಸುಪಾಸು ತೋರಿಸಬೇಕು. ತೋರಿಸಿದ್ದು ಹದಿನೆಂಟೂವರೆ!

"ಹದಿನೆಂಟಾ? ಅಷ್ಟು ಗಾಳಿ ಎಲ್ಲದೆ ಈ ಊರಲ್ಲಿ?" ಎಂದ ಕಾಂತರಾಜು. ಅವನ ಮೊದಲ ಮಾತು.

ಇರುವುದಕ್ಕಿಂತ ಎರಡೂವರೆ ಪಟ್ಟು ಜಾಸ್ತಿ ಹೇಳುತ್ತಿದೆ. ಬೆಳಗಿನ ಜಾವ ತೊಟ್ಟಿಯಲ್ಲಿ ನಿಜವಾಗಿ ಗಾಳಿ ಎರಡರಷ್ಟೂ ಇರಲಿಲ್ಲ, ಡಬ್ಬ ಅದನ್ನೇ ನಾಲ್ಕೂ ಮುಕ್ಕಾಲು ಅಂದುಕೊಂಡು ಸುಮ್ಮನಿತ್ತು. ನಾಲ್ಕಕ್ಕೆ ಇಳಿಯಲಿ, ಬ್ಲೋವರ್ ಹಾಕೋಣ ಎಂದು ಕಾಯುತ್ತಾ ಕೂತಿತ್ತು.

ಮೂಗನ್ನು ಕಣ್ಣ ಹತ್ತಿರ ತಂದೆ. ಪೊರೆ ಹಿಡಿದಿಡುವ ಉಂಗುರದ ಸಂದಿಯಲ್ಲಿ, ಕೂದಲೆಳೆಯಷ್ಟು ಕಪ್ಪು. ಉಗುರಿನಲ್ಲಿ ಕೆರೆದು ಮೂಸಿದೆ. ಹರಳೆಣ್ಣೆ.

"ಇಲ್ಲಿ ಕಾಡಿಗೆ ಯಾರು ಹಚ್ಚಿದ್ದು?"

ನೀರು ಸುರಿಯುವುದು ನಿಂತಿತು. ಅಣ್ಣಮ್ಮಜ್ಜಿ ಕೈಯಲ್ಲಿ ಪಾತ್ರೆ ಹಿಡಿದುಕೊಂಡೇ ಹೇಳಿದಳು. "ನಾನೇ ಕಣಪ್ಪ. ಬರೋರು ಓಗೋರೆಲ್ಲ ಬಂದು ಬಂದು ನೋಡೋರು, ಎಷ್ಟ್ ದಪ್ಪ ಆಗವೆ ಮೀನು ಅನ್ನೋರು. ದಿಷ್ಟಿ ತಾಕದೆ ಇರಲಿ ಅಂತ ಓದ್ ಭಾನುವಾರ ಮೂಗಿನ ತುದಿಗೇ ಒಂದ್ ಬೊಟ್ಟಿಟ್ಟಿದ್ದೆ. ಬುಧವಾರ ಅರಚೋದು ನಿಂತೋಯ್ತಲ್ಲ, ದಿಷ್ಟಿ ಕಳೀತು ಅಂತ ನಿನ್ನೆ ಶುಕ್ರವಾರ ಸೀಗೆಪುಡಿ ಆಕಿ ತೊಳುದ್ಬುಟ್ಟೆ. ನೀನೇ ಅವತ್ತು..."

"ಅಜ್ಜೀ!" ನಾನು ಕೈಯೆತ್ತಿದೆ. ದನಿಯನ್ನು ಕ್ಲೈಮ್ಯಾಕ್ಸಿಗೆ ಏರಿಸಿದೆ. "ಕಣ್ಣಿಗೆ ಹಚ್ಚೋ ಕಾಡಿಗೇನ ಮೂಗಿಗೆ ಹಚ್ಚುದ್ರೆ, ಉಸಿರು ನಿಲ್ಲೋದು ಮೂಗಿಂದು ಅಲ್ಲ, ಅದುನ್ನ ನಂಬಿರೋರ್ದು!"

ಏನು ಡೈಲಾಗು! ನನಗೇ ರೋಮಾಂಚನವಾಯಿತು. ಆದರೆ ಯಾರೂ ಶಿಳ್ಳೆ ಹೊಡೆಯಲಿಲ್ಲ.

"ಅತ್ತೆ, ನೀವಾ?" ಅಂದಳು ಅಕ್ಕ, ಅಳು ಬರುವಂತೆ. "ಏಳ್ ತಿಂಗ್ಳು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕಂಡಿದ್ರಲ್ಲ, ಇಂಗ್ಯಾಕ್ ಮಾಡುದ್ರಿ?"

"ಇನ್ನೊಂದ್ ಸಲ ಆ ತೊಟ್ಟಿ ತಾವ್ ಕಾಣುಸ್ಕಂಡೆ ಅಂದ್ರೆ ನೋಡವ್ವ" ಎಂದ ಕಾಂತರಾಜು ತಾಯಿಗೆ.

ಅಜ್ಜಿ ಪಾತ್ರೆಯನ್ನು ಕವುಚಿ ಇಟ್ಟು ಒಳಗೆ ಹೋದಳು.

ನಾನು ಉಂಗುರ ಬಿಚ್ಚಿ ಸಂದಿಯನ್ನೆಲ್ಲ ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ. ಒಳಗಿನ ದ್ರವ ಬದಲಿಸಿ, ಗಾಳಿಗುಳ್ಳೆ ಉಳಿಯದ ಹಾಗೆ ತಟ್ಟಿ ತಟ್ಟಿ ಮುಚ್ಚಿದೆ. ಗಾಳಿಯಲ್ಲಿ ನೇತುಹಾಕಿ ನಂಬರು ಅಲುಗಾಡದೆ ನಿಲ್ಲುವವರೆಗೆ ಕಾದು, ಹೊಸದಾಗಿ ಅಳತೆ ಹೊಂದಿಸಿದೆ. ತೊಟ್ಟಿಗೆ ಇಳಿಸಿದಾಗ ಡಬ್ಬ ನಾಲ್ಕೂ ಕಾಲು ಅಂದಿತು. ಬಾಟಲಿಯ ಹನಿಯೂ ನಾಲ್ಕೂ ಕಾಲು ಅಂದಿತು. ಮಧ್ಯಾಹ್ನದ ಹೊತ್ತಿಗೆ ಮೀನು ಒಂದೊಂದೇ ತಳಕ್ಕೆ ಇಳಿದವು. ಕಾಂತರಾಜು ನನ್ನ ಕೈ ಕುಲುಕಿ, "ನೀನ್ ಬರ್ದೆ ಇದ್ದಿದ್ರೆ ಎಲ್ಲಾ ಓಗ್ಬುಡ್ತಿದ್ವು ಕಣಯ್ಯ" ಎಂದ.

ಹಾಸನದ ಟೀ ಅಂಗಡಿಯಲ್ಲಿ ಈ ಕತೆಯನ್ನು ಶನಿವಾರ ಸಂಜೆಯೇ ಎರಡು ಸಲ ಹೇಳಿದೆ. ಎರಡು ಸಲವೂ ಇಲ್ಲಿಗೇ ಮುಗಿಸಿದೆ. ಕಾಡಿಗೆ ಅಜ್ಜಿಯ ಭಾಗಕ್ಕೆ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಭಾನುವಾರ ಬೆಳಿಗ್ಗೆ ಅಕ್ಕ ಫೋನು ಮಾಡಿದಳು.

"ಮೀನು ಎಂಗವೆ ಅಕ್ಕ?"

"ಚೆಂದಾಗವೆ. ಒಂದ್ ಮಾತು ಕೇಳ್ಬೇಕಿತ್ತು. ಬೊಟ್ಟು ಇದ್ದಾಗ ಡಬ್ಬ ಕಮ್ಮಿ ತೋರುಸ್ತಿತ್ತು, ಅಲ್ವಾ?"

"ಹೂಂ. ಮೂಗು ಮುಚ್ಚುದ್ರೆ ಕಮ್ಮಿನೇ."

"ಕಮ್ಮಿ ತೋರ್ಸುದ್ರೆ ಬ್ಲೋವರು ಓಡ್ತಾನೇ ಇರ್ತದೆ. ಮೀನಿಗೆ ಏನೂ ಆಗಕಿಲ್ಲ. ಮೀನಿಗೆ ಕುತ್ತು ಬಂದಿದ್ದು ಜಾಸ್ತಿ ತೋರುಸ್ದಾಗ. ಅವಾಗ ಬೊಟ್ಟೇ ಇರ್ಲಿಲ್ಲ. ತೊಳ್ದಿತ್ತು. ತೊಳ್ದಿರೋ ಮೂಗು ಯಾಕಪ್ಪ ಸುಳ್ ಯೋಳ್ತು?"

ನನ್ನ ತಲೆಯಲ್ಲಿ ಎಂತೆಂಥ ಡೈಲಾಗುಗಳಿವೆ ಗೊತ್ತಾ? ಕೋರ್ಟಿನ ಸೀನಿನದು, ಮಳೆಯಲ್ಲಿ ನಿಂತು ಹೇಳುವುದು, ಜೈಲಿನಿಂದ ಹೊರಬರುವಾಗಿನದು. ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿದೆ, ಅಷ್ಟೇ.

"ಅತ್ತೆ ನಿನ್ನೆಯಿಂದ ಊಟ ಸರಿಯಾಗ್ ಮಾಡಿಲ್ಲ" ಎಂದಳು ಅಕ್ಕ. "ಮೀನಿಗೆ ತಿಂಡಿ ಆಕೋ ಹೊತ್ತಿಗೆ ಎದ್ ನಿಂತ್ಕತಾರೆ, ಆಮೇಲೆ ಕುಂತ್ಕತಾರೆ. ಇವ್ರು ಶುಂಠಿ ಮಾತು ಮತ್ತೆ ತೆಗುದವ್ರೆ. ಮನೇಲಿ ಇಂಥೋರ್ ಇದ್ರೆ ಮೀನು ಸಾಕಕಾಯ್ತದಾ ಅಂತವ್ರೆ. ಅದುಕ್ಕೇ ಕೇಳ್ದೆ."

"ಬತ್ತೀನಿ ಅಕ್ಕ" ಎಂದೆ.

ಹಳೇಕೋಟೆಗೆ ಹೋದೆ. ಹೋಗಿ, ಕಾಂತರಾಜುವನ್ನೂ ಅಜ್ಜಿಯನ್ನೂ ತೊಟ್ಟಿ ಹತ್ತಿರ ಕರೆಸಿದೆ. ಅಜ್ಜಿ ಬರುವುದಿಲ್ಲ ಅಂದಳು. ಅಕ್ಕ ಕೈ ಹಿಡಿದು ಕರೆತಂದಳು. ಅಲ್ಲಿ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಯಂತ್ರ ಕೂರಿಸಿದ ದಿನ ನಾನು ಅಜ್ಜಿಯ ಮುಂದೆ ಎದೆಯುಬ್ಬಿಸಿ ನಿಂತು, "ಅಜ್ಜಿ, ಇದು ಎರಡು ಸಾವಿರ ಮೀನಿನ ಒಂದೇ ಮೂಗು. ಊರೋರ ಕಣ್ಣು ಬೀಳ್ದಂಗೆ ಕಾಪಾಡೋ ಜವಾಬ್ದಾರಿ ನಿಂದು" ಎಂದಿದ್ದೆ. ನನಗದು ಡೈಲಾಗು. ಅಜ್ಜಿಗೆ ಅದು ಮೆಕ್ಯಾನಿಕ್ಕು ಕೊಟ್ಟ ಅಪ್ಪಣೆ. ಕಣ್ಣು ಬೀಳದಂತೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು, ಮಾಡಿದಳು. ಶನಿವಾರ ಅವಳು "ನೀನೇ ಅವತ್ತು" ಎಂದು ಬಾಯಿ ತೆರೆದಾಗ ನಾನು ಕೂಗಿ ಮುಚ್ಚಿಸಿದ್ದು ಇದನ್ನೇ.

ಬುಧವಾರದ ಹತ್ತು ನಿಮಿಷದ ರಿಪೇರಿಯೂ ರಿಪೇರಿಯಲ್ಲ. ಹಾಸನದಲ್ಲಿ ಮ್ಯಾಟಿನಿ ಒಂದೂವರೆಗಿತ್ತು. ಚನ್ನರಾಯಪಟ್ಟಣದಲ್ಲಿ ಇನ್ನೊಂದು ಯಂತ್ರ ನೋಡುವುದಿತ್ತು, ಅದಕ್ಕೂ ನಾಳೆ ಬರುತ್ತೇನೆ ಎಂದು ಸುಳ್ಳು ಹೇಳಿದ್ದೆ. ಒಂದು ಕೈಯಲ್ಲಿ ಮೂಗನ್ನು ತಂತಿ ಹಿಡಿದು ಎತ್ತಿ, ಇನ್ನೊಂದು ಕೈಯಲ್ಲಿ ಮೊಬೈಲಿನಲ್ಲಿ ಸೀಟು ಆರಿಸುತ್ತಿದ್ದೆ. ಮೂಗಿನ ತುದಿಯನ್ನು ತಿರುಗಿಸಿ ನೋಡಲೇ ಇಲ್ಲ, ಒರೆಸಲೂ ಇಲ್ಲ. ಅದು ಮುಚ್ಚಿಹೋದ ಮೂಗಿನಿಂದ ಬರೀ ಗಾಳಿಯಲ್ಲೂ ಮೂರು ಎನ್ನುತ್ತಿತ್ತು. ನಾನು ಡಬ್ಬಕ್ಕೆ, "ಇದು ಮೂರಲ್ಲ, ಇದನ್ನೇ ಏಳೂವರೆ ಎಂದು ತಿಳಿದುಕೋ" ಎಂದು ಹೇಳಿಕೊಟ್ಟೆ. ತಕ್ಕಡಿಯ ತಟ್ಟೆ ಕೆಳಗೆ ಕಲ್ಲು ಸಿಕ್ಕಿಕೊಂಡಿರುವಾಗ ಕಲ್ಲು ತೆಗೆಯದೆ ಮುಳ್ಳನ್ನೇ ಬಗ್ಗಿಸಿದ ಹಾಗೆ. ಡಬ್ಬ ನನಗಿಂತ ಮರ್ಯಾದಸ್ಥ. ಅಳತೆಯಲ್ಲಿ ದೋಷವಿದೆ, ಆದರೂ ಸರಿಯೇ ಎಂದು ಪರದೆಯ ಮೇಲೆ ಕೇಳಿತು. ನಾನು ಸರಿ ಎಂದು ಒತ್ತಿದೆ. ಶುಕ್ರವಾರ ಅಜ್ಜಿ ಬೊಟ್ಟು ತೊಳೆದಳು, ಮೂಗು ಪೂರ್ತಿ ಉಸಿರಾಡತೊಡಗಿತು, ಆದರೆ ಡಬ್ಬ ನಾನು ಕಲಿಸಿದ ಲೆಕ್ಕವನ್ನೇ ಹಿಡಿದು ಎಲ್ಲವನ್ನೂ ಎರಡೂವರೆ ಪಟ್ಟು ಮಾಡಿ ತೋರಿಸಿತು. ಆ ಮನೆಯಲ್ಲಿ ಮೂಗಿನ ತುದಿಯನ್ನು ತೊಳೆದವಳು ಅಜ್ಜಿ ಒಬ್ಬಳೇ.

ಮೂವತ್ತೊಂದು ಮೀನು ಸತ್ತದ್ದು ಕಾಡಿಗೆಯಿಂದಲ್ಲ, ನಾನು ಒತ್ತಿದ ಒಂದು ಬಟನ್ನಿನಿಂದ. ಸಿನಿಮಾ ಕೂಡ ಚೆನ್ನಾಗಿರಲಿಲ್ಲ. ಇಂಟರ್ವಲ್ಲಿಗೆ ಮೊದಲೇ ನಿದ್ದೆ ಹೋಗಿದ್ದೆ.